ದಿಬ್ಬದ ಕೆಳಗಿನ ಮೂರು ನಿಮಿಷ

ನನ್ನ ಬಾಯಿ ಜೋರು. ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಯಾರನ್ನು ಬೇಕಾದರೂ ಕೇಳಿ, ಹೌದು ಅನ್ನುತ್ತಾರೆ. ಹದಿನಾರು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಮಾಡಿದ ಹೆಂಗಸಿಗೆ ಮೆತ್ತಗಿನ ಬಾಯಿ ಎಲ್ಲಿಂದ ಬರಬೇಕು? ಬಾಗಿಲಲ್ಲೇ ಜೋತುಬೀಳುವವರಿಗೆ, "ಒಳಗ ಬರ್ರಿ, ಒಳಗೇನ್ ನಿಮ್ಮ ಮಾವನ ಮನಿ ಐತೇನ್ ನಾಚಾಕ?" ಎಂದು ಕೂಗದಿದ್ದರೆ ಗಾಡಿ ಮುಂದೆ ಹೋಗುವುದಿಲ್ಲ. ಆ ಬಾಯಿಯಿಂದ ನನಗೆ ಎಂದೂ ಕೇಡಾಗಿರಲಿಲ್ಲ. ಕೇಡಾದದ್ದು ನಾನು ಸುಮ್ಮನಿದ್ದ ಒಂದು ದಿನ. ಅದನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ನನ್ನ ಗಾಡಿಯ ಡ್ರೈವರು ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣಾರ ಎನ್ನುತ್ತಿದ್ದೆ, ಅವರು ನನ್ನನ್ನು ತಂಗೆವ್ವ ಎನ್ನುತ್ತಿದ್ದರು. ನಾಲ್ಕು ವರ್ಷ ಒಂದೇ ಗಾಡಿ, ಒಂದೇ ದಾರಿ. ಬೆಳಿಗ್ಗೆ ಹಾನಗಲ್ಲು ಬಿಟ್ಟು ಶಿಗ್ಗಾವಿಯ ಮೇಲೆ ಹಾದು ಸವಣೂರು. ಅಲ್ಲಿ ಮುಕ್ಕಾಲು ತಾಸು ಗಾಡಿ ನಿಲ್ಲುತ್ತಿತ್ತು. ತಿರುಗಿ ಹಾನಗಲ್ಲಿಗೆ ಬಂದು ಊಟ. ಊಟವಾದ ಮೇಲೆ ಅಕ್ಕಿಆಲೂರಿನ ಮೇಲೆ ಹಿರೇಕೆರೂರು. ನಾನು ಹೊಸದಾಗಿ ಸೇರಿದಾಗ, "ಹೆಣ್ಮಗಳ ಊದಿದ ಸೀಟಿಗೆ ಗಾಡಿ ನಿಲ್ಲಿಸೂದ್ರಿ?" ಎಂದು ನಕ್ಕ ಡ್ರೈವರುಗಳೂ ಇದ್ದರು. ಇವರು ನಗಲಿಲ್ಲ. "ಸೀಟಿ ಯಾರದಾದ್ರೂ ಸೀಟಿನ" ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಏನು ಬೇಕಾದರೂ ಮಾಡಲು ತಯಾರಿದ್ದೆ.

ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ನಮ್ಮ ಕೆಲಸದ ಮೊದಲ ಪಾಠ ಅದು. ಡ್ರೈವರು ತನ್ನ ಮನಸ್ಸಿಗೆ ಬಂದಲ್ಲಿ ನಿಲ್ಲಿಸುವುದಿಲ್ಲ, ಮನಸ್ಸಿಗೆ ಬಂದಾಗ ಬಿಡುವುದೂ ಇಲ್ಲ. ಅಣ್ಣಾರು ಈ ವಿಷಯದಲ್ಲಿ ಬಲು ಖಡಕ್ಕು. ಸೀಟಿ ಇಲ್ಲದೆ ಅವರ ಕಾಲು ಬ್ರೇಕಿನ ಮೇಲೆ ಹೋಗುತ್ತಿರಲಿಲ್ಲ.

ಅವರು ಲಿಂಗವಂತರು. ಖಾಕಿ ಅಂಗಿಯ ಒಳಗೆ, ಎದೆಯ ಮೇಲೆ, ಶಿವದಾರದಲ್ಲಿ ಬೆಳ್ಳಿಯ ಕರಡಿಗೆ ಇರುತ್ತಿತ್ತು. ಇಷ್ಟಲಿಂಗವನ್ನು ಇಡುವ ಡಬ್ಬಿ. ಸ್ಟೇರಿಂಗಿಗೆ ಕೈ ಮುಗಿದು, ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡೇ ಗಾಡಿ ಚಾಲೂ ಮಾಡುತ್ತಿದ್ದರು. ಮುಂದಿನ ಸೀಟಿನಲ್ಲಿ ಕೂತ ಮುದುಕಿಯರಿಗೆ ಅದನ್ನು ನೋಡಿದರೇ ಸಮಾಧಾನ. ಆ ಬೇಸಿಗೆಯಲ್ಲಿ ಅವರು ಕರಡಿಗೆಯನ್ನು ಮುಟ್ಟುವುದು ಹೆಚ್ಚಾಯಿತು. ಗೇರು ಬದಲಿಸಿದ ಮೇಲೆ ಒಮ್ಮೆ, ತಗ್ಗು ದಾಟಿದ ಮೇಲೆ ಒಮ್ಮೆ. ವಯಸ್ಸಾದಂತೆ ಭಕ್ತಿ ಹೆಚ್ಚಿತೆಂದು ನಾನು ಅಂದುಕೊಂಡೆ. ಒಂದು ದಿನ ಶಿಗ್ಗಾವಿ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿದವರು ಇಳಿಯಲೇ ಇಲ್ಲ. ನಾನು ಹೋಗಿ, "ಏನ್ರಿ ಅಣ್ಣಾರ, ಇವತ್ತ ಪೂಜಿ ಗಾಡ್ಯಾಗನ?" ಎಂದು ಚೇಷ್ಟೆ ಮಾಡಿದೆ. ಅವರ ಕೈ ಕರಡಿಗೆಯನ್ನು ಹಿಡಿದಿರಲಿಲ್ಲ, ಎದೆಯನ್ನು ಹಿಡಿದಿತ್ತು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು.

ರಜೆ ಹಾಕಿಸಿ ಹುಬ್ಬಳ್ಳಿಗೆ ಕಳಿಸಿದವಳು ನಾನೇ. ಅಲ್ಲಿಯ ಹೃದಯದ ಡಾಕ್ಟರು ಅವರನ್ನು ಮಷೀನಿನ ಮೇಲೆ ನಡೆಸಿ ನೋಡಿ, ಎದೆಗೆ ರಕ್ತ ಒಯ್ಯುವ ನಾಳ ಸಣ್ಣಗಾಗಿದೆ ಎಂದರಂತೆ. ಮೂರು ಥರದ ಗುಳಿಗೆ ಬರೆದುಕೊಟ್ಟರು. ಒಂದು ರಕ್ತ ಗಟ್ಟಿಯಾಗದಂತೆ, ಒಂದು ಎದೆಯ ಬಡಿತ ಹದಕ್ಕೆ ಬರುವಂತೆ, ಇವೆರಡು ದಿನಾಲೂ. ಮೂರನೆಯದು ನೋವು ಬಂದಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವುದು. ಮುಂದಿನ ತಪಾಸಣೆಯ ತನಕ ಬಸ್ಸು ಓಡಿಸಬೇಡಿ ಎಂದೂ ಹೇಳಿದ್ದರು. ಆ ಮಾತನ್ನು ಅಣ್ಣಾರು ನನಗೆ ಹೇಳಿದರು, ಡಿಪೋದಲ್ಲಿ ಹೇಳಲಿಲ್ಲ.

"ಹೇಳ್ರಿ ಅಣ್ಣಾರ. ಹಿಂದ ಅರವತ್ತ ಮಂದಿ ಕುಂತಿರ್ತಾರ" ಎಂದೆ.

"ಹೇಳಿದ್ರ ನನ್ನ ಗೇಟಿನ್ಯಾಗ ಕುಂಡ್ರಸ್ತಾರ ತಂಗೆವ್ವ. ಹೋಗೂ ಗಾಡಿ ನಂಬರ ಬರಕೋ, ಬರೂ ಗಾಡಿ ನಂಬರ ಬರಕೋ. ಮೂವತ್ತ ವರ್ಷ ಸ್ಟೇರಿಂಗ್ ಹಿಡದಾವ ನಾ. ರಿಟೈರ್ ಆಗಾಕ ಮೂರ ವರ್ಷ ಉಳದೈತಿ. ಕೈ ಮುಗಿತೇನಿ, ಬಾಯಿ ಬಿಡಬ್ಯಾಡ."

ಊರಿಗೆಲ್ಲ ಬಾಯಿ ಮಾಡುವ ನಾನು ಅಲ್ಲಿ ಬಾಯಿ ಮುಚ್ಚಿದೆ. ನಾಲಿಗೆಯ ಕೆಳಗಿನ ಗುಳಿಗೆಯ ಪಟ್ಟಿಯನ್ನು ನನ್ನ ಟಿಕೆಟ್ ಚೀಲದ ಒಳಜೇಬಿನಲ್ಲಿ ಇಟ್ಟುಕೊಂಡೆ. ಹೆದರಿಕೆ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ? ಪ್ರತಿ ತಿರುವಿನಲ್ಲಿ ಕನ್ನಡಿಯೊಳಗೆ ಅವರ ಮುಖ ನೋಡುತ್ತಿದ್ದೆ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಂದಿರಿಗೆ ಟಿಕೆಟ್ ಕೊಡುವಾಗ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ನಾನು ಕಂಡುಕೊಂಡ ಉಪಾಯ ಮೂರು ನಿಮಿಷದ್ದು. ಅಕ್ಕಿಆಲೂರು ದಾಟಿ ಹಿರೇಕೆರೂರಿನ ಕಡೆ ಹೋಗುವಾಗ ಒಂದು ದಿಬ್ಬ ಬರುತ್ತದೆ. ಊಟವಾದ ಹೊತ್ತು, ಬಿಸಿಲು, ತುಂಬಿದ ಗಾಡಿ, ಹಳೆಯ ಗೇರು. ಅವರಿಗೆ ನೋವು ಬರುತ್ತಿದ್ದದ್ದು ಹೆಚ್ಚಾಗಿ ಅಲ್ಲೇ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದ ಮೇಲೆ ನಮ್ಮ ಗಾಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಟಿಕೆಟ್ ಕೊಟ್ಟು ಮುಗಿಯುವುದೂ ಇಲ್ಲ. ಟಿಕೆಟ್ ಮುಗಿಯದಿದ್ದರೆ ಮುಂದಿನ ಸ್ಟೇಜಿಗೆ, ಅಂದರೆ ದರ ಬದಲಾಗುವ ನಿಲ್ದಾಣಕ್ಕೆ, ಮೊದಲು ಗಾಡಿಯನ್ನು ರಸ್ತೆಯ ಬದಿಗೆ ಹಾಕಿಸುವುದು ಕಂಡಕ್ಟರುಗಳ ರೂಢಿ. ಅದನ್ನೇ ನೆವ ಮಾಡಿಕೊಂಡೆ. ದಿಬ್ಬದ ಕೆಳಗೆ ಬಂದೊಡನೆ ಒಂದು ಸೀಟಿ. ಟಿಕೆಟ್ ಮುಗಿದಿದ್ದರೂ ಮುಗಿಯದವಳಂತೆ, "ಆಧಾರ್ ಕಾರ್ಡ್ ತಗೀರಿ, ಫೋಟೋ ನಿಮ್ಮದ ಹೌದೋ ಅಲ್ಲೋ ನೋಡ್ತೇನಿ" ಎಂದು ಗದರುತ್ತ ಹಿಂದಿನಿಂದ ಮುಂದಕ್ಕೆ ಬರುತ್ತಿದ್ದೆ. ಅಷ್ಟರಲ್ಲಿ ಅಣ್ಣಾರು ಎಂಜಿನ್ ಆರಿಸಿ, ನೀರು ಕುಡಿದು, ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಮೂರು ನಿಮಿಷವಾದ ಮೇಲೆ ಎರಡು ಸೀಟಿ. ಮಂದಿ ನನ್ನನ್ನು ಬೈಯುತ್ತಿದ್ದರು. ಬೈಯಲಿ ಬಿಡು ಎನ್ನುತ್ತಿದ್ದೆ. ಸ್ಟ್ಯಾಂಡಿನಲ್ಲಿ ಮೇಲಿನ ಲಗೇಜು ಹತ್ತಿಸುವುದು, ಗಟ್ಟಿಯಾದ ಬಾಗಿಲು ಎಳೆಯುವುದು ಎಲ್ಲವನ್ನೂ ನಾನೇ ಮಾಡತೊಡಗಿದೆ.

ಅವರಿಗೆ ಇದೆಲ್ಲ ಯಾಕೆ ಎಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ನಾಲಿಗೆಯ ಕೆಳಗಿನ ಗುಳಿಗೆ ನೋವನ್ನು ಇಳಿಸುತ್ತಿತ್ತು, ಆದರೆ ತಲೆ ಸಿಡಿಸುತ್ತಿತ್ತು. ಒಮ್ಮೆ ಅದನ್ನು ಇಟ್ಟುಕೊಂಡು ಇಳಿದವರು ಕಣ್ಣಿಗೆ ಕತ್ತಲೆ ಬಂದು ಗಾಡಿಯ ಚಕ್ರ ಹಿಡಿದು ಕೂತರು. "ಇದನ್ನ ತಗೊಂಡು ಗಾಡಿ ಹೆಂಗ ಹೊಡೀಲಿ?" ಎಂದು ಕೇಳಿದರು. ಹೊಡೆಯಬಾರದೆಂದೇ ಡಾಕ್ಟರು ಹೇಳಿದ್ದು. ಅದನ್ನು ನಾನು ಅನ್ನಲಿಲ್ಲ. ಆ ಹೊತ್ತಿಗೆ ಸವಣೂರಿನಲ್ಲಿ ವೀಳ್ಯದೆಲೆ ಮಾರುವ ಹೆಂಗಸೊಬ್ಬಳು, ಔಷಧವಿಲ್ಲದೆ ಬರೀ ಸೂಜಿ ಚುಚ್ಚಿ ನೋವು ಇಳಿಸುವ ಸೂಜಿ ಡಾಕ್ಟರ ವಿಷಯ ಹೇಳಿದಳು. ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರ. ವಯಸ್ಸಾದ ಸಾಹೇಬರು, ಬಿಳಿ ಗಡ್ಡ, ಮೃದು ಮಾತು. ಮೊಣಕಾಲು ನೋವು, ತಲೆನೋವು ಎಂದು ಬಂದವರು ಹೊರಗಿನ ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದರು.

ಮೊದಲ ದಿನ ನಾನೂ ಒಳಗೆ ನಿಂತು ನೋಡಿದೆ. ಹೊಸ ಪಾಕೀಟು ಒಡೆದು ಕೂದಲಿನಷ್ಟು ಸಣ್ಣ ಸೂಜಿ ತೆಗೆದರು. ಮಣಿಕಟ್ಟಿನ ಒಳಬದಿ, ಗೆರೆಯಿಂದ ಮೂರು ಬೆರಳು ಮೇಲೆ ಒಂದೊಂದು. ಮೊಣಕಾಲ ಕೆಳಗೆ ಒಂದೊಂದು. ರಕ್ತ ಬರಲಿಲ್ಲ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಆ ಎರಡು ಕೈಗಳು ಅಂಗಾತ ಬಿದ್ದಿದ್ದವು, ಸೂಜಿಗಳು ಉಸಿರಾಟಕ್ಕೆ ಸಣ್ಣಗೆ ನಡುಗುತ್ತಿದ್ದವು. ನನಗೆ ಯಾಕೋ ಸೇರಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತೆ.

ಆದರೆ ಗುಣ ಕಂಡಿತು. ವಾರಕ್ಕೆರಡು ಸಲ ಸೂಜಿ. ಒಂದು ತಿಂಗಳಾಗುವಷ್ಟರಲ್ಲಿ ದಿಬ್ಬದ ಮೇಲೆ ನೋವು ಬರುವುದೇ ಅಪರೂಪವಾಯಿತು. "ನೋಡಿದ್ಯಾ ತಂಗೆವ್ವ? ಗುಳಗಿ ಮಾಡದ್ದನ್ನ ಸೂಜಿ ಮಾಡ್ತು" ಎಂದು ಎಲೆ ಹಾಕಿಕೊಂಡು ನಗುತ್ತಿದ್ದರು. ನನಗೂ ಖುಷಿಯಾಯಿತು. ಒಂದು ದಿನ ದಿನಾಲಿನ ಗುಳಿಗೆಯನ್ನೂ ಬಿಟ್ಟಿದ್ದೇನೆ ಎಂದರು.

"ಯಾರ ಹೇಳಿದ್ರಿ ಬಿಡಾಕ?"

"ಸೂಜಿ ಡಾಕ್ಟ್ರ ಹೇಳ್ಯಾರ. ಒಂದ ಮೈಯಾಗ ಎರಡ ಔಷಧ ಹಾಕಬಾರದಂತ. ಒಂದಕ್ಕೊಂದ ಬಡದಾಡ್ತಾವಂತ."

ನಮ್ಮ ಕಡೆ ಈ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ನಮ್ಮವ್ವನೂ ಗಿಡಮೂಲಿಕೆ ಕೊಡುವಾಗ ದವಾಖಾನೆಯ ಗುಳಿಗೆಯನ್ನು ಅಟ್ಟದ ಮೇಲೆ ಇಡಿಸುತ್ತಿದ್ದಳು. ನಾನೂ ನಂಬಿದೆ. ಆದರೆ ಅಂದಿನಿಂದ ಒಂದು ಬದಲಾವಣೆ ಕಾಣಿಸತೊಡಗಿತು. ದಿಬ್ಬದ ಮೇಲೆ ಬರದ ನೋವು ಬೇರೆ ಕಡೆ ಬರುತ್ತಿತ್ತು. ಊಟದ ಡಬ್ಬಿಯ ಮುಚ್ಚಳ ತೆಗೆಯುವಾಗ ಅವರು ನಡುವೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದರು. ಕೂತಲ್ಲೇ, ಏನೂ ಮಾಡದೆ, ಕೈ ಎದೆಗೆ ಹೋಗುತ್ತಿತ್ತು. ಕೇಳಿದರೆ, "ಲಿಂಗ ಮುಟ್ಟಿದ್ನವಾ" ಎನ್ನುತ್ತಿದ್ದರು. ದೇವರನ್ನು ಮುಂದೆ ಮಾಡಿದವರ ಜೊತೆ ಹೇಗೆ ಜಗಳ ಆಡುವುದು?

ಸೂಜಿ ಶುರುವಾಗಿ ಎರಡು ತಿಂಗಳ ಮೇಲಾಗಿತ್ತು. ಆ ದಿನ ಸವಣೂರಿನಲ್ಲಿ ಅಣ್ಣಾರು ಒಳಗೆ ಮಲಗಿದ್ದರು, ನಾನು ಬೆಂಚಿನ ಮೇಲಿದ್ದೆ. ಸೂಜಿ ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಕೇಳಿದರು. "ಬೇಟಿ, ಡ್ರೈವರ್ ಸಾಹೇಬ್ರ ಹುಬ್ಬಳ್ಳಿ ಗುಳಗಿ ತಪ್ಪಸದ ತಗೋಳಾಕತ್ತಾರಲ್ಲ?"

ನನಗೆ ಅರ್ಥವಾಗಲಿಲ್ಲ. "ನೀವ ಬಿಡ್ರಿ ಅಂದೀರಂತಲ್ರಿ!"

ಅವರ ಮುಖ ಬಿಳಿಚಿತು. "ತೋಬಾ ತೋಬಾ. ನಾ ಯಾವಾಗ ಅಂದೇನಿ? ಬಂದಾಗೊಮ್ಮೆ ಹೇಳ್ತೇನಿ, ಸೂಜಿ ಜೋಡಿಗೆ ಅಷ್ಟ, ಗುಳಗಿ ಬಿಡಬ್ಯಾಡ್ರಿ ಅಂತ. ಸೂಜಿ ನೋವಿನ ಹೆದರಿಕಿ ಇಳಸ್ತೈತಿ, ಮನಸ್ಸ ತಣ್ಣಗ ಮಾಡ್ತೈತಿ. ನಾಳದಾಗ ರಕ್ತ ಗಟ್ಟಿ ಆದ್ರ ನನ್ನ ಸೂಜಿ ಏನ್ ಮಾಡೀತು?" ಎಂದರು. ನಂತರ ನೋವು ವಾರಕ್ಕೆ ಎಷ್ಟು ಸಲ, ಎಲ್ಲಿ ಬರುತ್ತದೆ ಎಂದು ವಿಚಾರಿಸಿದರು. ನಾನು ದಿಬ್ಬದ ಕೆಳಗಿನ ನಿಲುಗಡೆಯಿಂದ ಹಿಡಿದು ಲಗೇಜಿನ ತನಕ ಎಲ್ಲ ಹೇಳಿದೆ. ಅವರು ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಕೂತು ಹೇಳಿದರು.

"ಹಂಗಾರ ನೋವ ಕಡಿಮಿ ಆಗಿದ್ದು ಸೂಜಿಯಿಂದೋ ನಿನ್ನ ಸೀಟಿಯಿಂದೋ ಯಾರಿಗೆ ಗೊತ್ತ, ಬೇಟಿ? ದಣಿವಾಗೂಕಿಂತ ಮೊದಲ ನೀ ಕುಂಡ್ರಸ್ತಿ. ನೋವ ಬರೂದಿಲ್ಲ. ಅವ್ರು ಆರಾಮಾತು ಅಂತಾರ. ಒಳಗಿಂದೊಳಗ ರೋಗ ಬೆಳ್ಯಾಕತ್ತೈತಿ. ಗುಳಗಿ ಚಾಲೂ ಮಾಡೂತನಕ ನಾ ಸೂಜಿ ಹಾಕೂದಿಲ್ಲ. ಇವತ್ತ ಗಾಡಿನೂ ಹೊಡೀಬಾರದು."

ನನ್ನ ಪಿತ್ತ ನೆತ್ತಿಗೇರಿತು. ಅಣ್ಣಾರು ಅಂಗಿ ಹಾಕಿಕೊಂಡು ಹೊರಗೆ ಬಂದೊಡನೆ ಶುರು ಮಾಡಿದೆ. "ಯಾರ ಮುಂದ ಸುಳ್ಳ ಹೇಳಿದ್ರಿ ಅಣ್ಣಾರ? ನನ್ನ ಮುಂದ? ನಿಮಗ ಗುಳಗಿ ನುಂಗೂದು ಬ್ಯಾಸರ ಅಂತ ಆ ಸಾಹೇಬ್ರ ಹೆಸರ ಹಾಳಮಾಡ್ತೀರಿ?" ಬೀದಿಯ ಮಂದಿ ನಿಂತು ನೋಡಿದರು. ನಾನು ಬಿಡಲಿಲ್ಲ.

ಅವರು ತಗ್ಗಿದ ದನಿಯಲ್ಲಿ, "ದಿನಾಲಿನ ಗುಳಗಿಗೂ ತಲಿ ತಿರಗತಿತ್ತು ತಂಗೆವ್ವ. ಶನಿವಾರ ತನಕ ಬಿಡು. ಶನಿವಾರ ನಾನ ಡಿಪೋದಾಗ ಹೇಳ್ತೇನಿ" ಎಂದರು.

ಅಂದು ಬುಧವಾರ. ಡಿಪೋಗೆ ನಾನೇ ಫೋನು ಮಾಡಬೇಕಿತ್ತು. ಫೋನು ಕೈಯಲ್ಲೇ ಇತ್ತು. ಮಾಡಲಿಲ್ಲ. ಶನಿವಾರ ಎಂದರೆ ಮೂರೇ ದಿನ ಎನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಹಾನಗಲ್ಲಿನಲ್ಲಿ ಊಟಕ್ಕೆ ಅವರ ಜೊತೆ ಕೂರಲಿಲ್ಲ. ಹೊರಡುವಾಗ ಅವರು, "ಸಿಟ್ಟ ಬಿಡವಾ. ಸೂಜಿ ಹಾಕ್ಸೇನಲ್ಲ, ಇವತ್ತ ಏನೂ ಆಗೂದಿಲ್ಲ" ಎಂದು ನಕ್ಕರು. ಆ ನಗೆ ನನ್ನನ್ನು ಇನ್ನಷ್ಟು ಉರಿಸಿತು. ಸೂಜಿ ಅಂತ ಸೂಜಿ! ಇವರನ್ನು ಎರಡು ತಿಂಗಳು ಕಾದದ್ದು ಯಾವುದು ಎಂದು ಇವತ್ತು ತೋರಿಸುತ್ತೇನೆ ಎಂದುಕೊಂಡೆ. ಸ್ವಲ್ಪ ನೋಯಲಿ, ತಾನಾಗಿ ಗುಳಿಗೆಗೆ ಬರುತ್ತಾರೆ. ದೇವರಾಣೆ, ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಅಕ್ಕಿಆಲೂರಿನಲ್ಲಿ ಸಂತೆಯ ಮಂದಿ ಹತ್ತಿದರು. ಗಾಡಿ ಕಿಕ್ಕಿರಿದು ತುಂಬಿತು. ಟಿಕೆಟ್ ಅರ್ಧವೂ ಮುಗಿದಿರಲಿಲ್ಲ. ನಿಲ್ಲಿಸಲು ನೆವವೇ ಬೇಕಿರಲಿಲ್ಲ. ದಿಬ್ಬ ಕಂಡಿತು. ಅಣ್ಣಾರು ಎಂದಿನಂತೆ ವೇಗ ತಗ್ಗಿಸಿದರು. ಸೀಟಿ ನನ್ನ ತುಟಿಯಲ್ಲೇ ಇತ್ತು. ಊದಲಿಲ್ಲ. ಗಾಡಿ ಇನ್ನೂ ನಿಧಾನವಾಯಿತು, ಹೆಚ್ಚುಕಡಿಮೆ ನಡಿಗೆಯ ವೇಗಕ್ಕೆ ಬಂತು. ಕನ್ನಡಿಯಲ್ಲಿ ಅವರ ಕಣ್ಣು ನನ್ನನ್ನು ಹುಡುಕಿತು. ನಾನು ಮುಖ ತಿರುಗಿಸಿ ಒಬ್ಬ ಹೆಂಗಸಿನ ಆಧಾರ್ ಕಾರ್ಡನ್ನು ನೋಡುತ್ತ ನಿಂತೆ. ಒಂದು ಗಳಿಗೆ ಕಳೆಯಿತು. ಗೇರು ಬಿದ್ದ ಸದ್ದು ಕೇಳಿತು, ಗಾಡಿ ದಿಬ್ಬ ಹತ್ತತೊಡಗಿತು.

ಮೇಲೆ ಹೋದ ಮೇಲೆ ಗಾಡಿ ಮೆಲ್ಲಗೆ ಎಡಕ್ಕೆ ಸರಿದು, ಒಂದು ಬೇವಿನ ಮರದ ಕೆಳಗೆ, ರಸ್ತೆ ಬಿಟ್ಟು ಪೂರ್ತಿ ಕೆಳಗಿಳಿದು ನಿಂತಿತು. ಹ್ಯಾಂಡ್ ಬ್ರೇಕ್ ಎಳೆದ ಸದ್ದಾಯಿತು, ಎಂಜಿನ್ ಆರಿತು. ನಾನು ಸೀಟಿ ಊದಿರಲಿಲ್ಲ. ಸೀಟಿ ಇಲ್ಲದೆ ಅವರು ನಿಲ್ಲಿಸಿದ್ದು ಅದೇ ಮೊದಲು. ನನ್ನ ಮೇಲಿನ ಸಿಟ್ಟಿಗೆ ನಿಲ್ಲಿಸಿದರು ಎಂದುಕೊಂಡು ನಾನು ಮುಂದೆ ಹೋಗಲಿಲ್ಲ. ಇನ್ನೂ ನಾಲ್ಕು ಟಿಕೆಟ್ ಕೊಟ್ಟೆ.

ಮುಂದಿನ ಸೀಟಿನ ಮುದುಕಿ ಕೈ ಮುಗಿದು, "ಯಪ್ಪಾ, ಡ್ರೈವರಪ್ಪ ಲಿಂಗಪೂಜಿ ಮಾಡಾಕತ್ತಾನ, ಗದ್ಲ ಮಾಡಬ್ಯಾಡ್ರಿ" ಎಂದಳು.

ಮಂದಿಯನ್ನು ತಳ್ಳಿಕೊಂಡು ಓಡಿದೆ. ನೆಟ್ಟಗೆ ಕೂತಿದ್ದರು. ಬಲಗೈ ಎದೆಯ ಮೇಲಿತ್ತು, ತುಟಿ ನೀಲಿಯಾಗಿತ್ತು. ಚೀಲದಿಂದ ಗುಳಿಗೆ ತೆಗೆದು ನಾಲಿಗೆಯ ಕೆಳಗೆ ಇಟ್ಟೆ. "ಅಣ್ಣಾರ, ಚಪ್ಪರಸ್ರಿ, ನುಂಗಬ್ಯಾಡ್ರಿ" ಎಂದು ಕೂಗಿದೆ. ಅವರು ನನ್ನನ್ನು ನೋಡಿದರು. ಏನೋ ಹೇಳಲು ಬಾಯಿ ಆಡಿಸಿದರು, ಆಗಲಿಲ್ಲ. ಹುಚ್ಚಿಯ ಹಾಗೆ ಅವರ ಮಣಿಕಟ್ಟಿನಲ್ಲಿ ಸೂಜಿ ಹಾಕುತ್ತಿದ್ದ ಜಾಗವನ್ನೂ ಒತ್ತಿದೆ. ಹಿಂದೆ ಬಂದ ಜೀಪಿನಲ್ಲಿ ಹಾಕಿಕೊಂಡು ಹೊರಟೆವು. ಅವರ ತಲೆ ನನ್ನ ತೊಡೆಯ ಮೇಲಿತ್ತು. ಹಿರೇಕೆರೂರು ಇನ್ನೂ ದೂರ ಇರುವಾಗಲೇ ಅವರ ಕೈ ಕರಡಿಗೆಯಿಂದ ಜಾರಿತು.

ಊರೆಲ್ಲ ಅದನ್ನು ಪುಣ್ಯದ ಸಾವು ಎಂದಿತು. ಅರವತ್ತು ಜೀವ ಉಳಿಸಿ, ಗಾಡಿಯನ್ನು ಬದಿಗೆ ಹಾಕಿ, ಕೈಯಲ್ಲಿ ಲಿಂಗ ಹಿಡಿದು ಹೋದರು ಎಂದು ಮುದುಕಿಯರು ಬೇವಿನ ಮರಕ್ಕೆ ಈಗಲೂ ಕೈ ಮುಗಿಯುತ್ತಾರೆ. ಗುಳಿಗೆ ಬಿಟ್ಟಿದ್ದರೆಂದು ಸಾವಿನ ಮನೆಯಲ್ಲಿ ಗೊತ್ತಾಗಿ, ಡಿಪೋದವರ ಸಿಟ್ಟೆಲ್ಲ ಸೂಜಿ ಡಾಕ್ಟರ ಮೇಲೆ ತಿರುಗಿತು. ನಾಲ್ಕು ಜನ ಸವಣೂರಿಗೆ ಹೋಗಿ, ಗುಳಿಗೆ ಬಿಡಿಸಿ ಕೊಂದೆ ಎಂದು ಬಾಯಿಗೆ ಬಂದಂತೆ ಬೈದು ಬಂದರು. ಸಾಹೇಬರು ಒಂದು ಮಾತೂ ಆಡಲಿಲ್ಲವಂತೆ. ಆ ನಾಲ್ವರು ಹೊರಟಾಗ ನಾನು ಡಿಪೋದ ಗೇಟಿನ ಹತ್ತಿರವೇ ಇದ್ದೆ. ತಡೆಯಲಿಲ್ಲ. ಈಗ ಆ ಕೋಣೆಗೆ ಬೀಗ ಬಿದ್ದಿದೆ. ಸವಣೂರಿನ ಮುಕ್ಕಾಲು ತಾಸನ್ನು ನಾನು ಗಾಡಿಯಲ್ಲೇ ಕೂತು ಕಳೆಯುತ್ತೇನೆ.

ಕ್ರಿಯೆಗಳೆಲ್ಲ ಮುಗಿದ ಮುಂದಿನ ವಾರ ಅವರ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರ ಹೆಂಡತಿ ಚಹಾ ಕೊಟ್ಟು ಪಕ್ಕದಲ್ಲಿ ಕೂತರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಮಾತಾಡಿದರು.

"ಮಂದಿ ಸುಮ್ನ ಆ ಸಾಹೇಬ್ರನ್ನ ಬೈತಾರವಾ. ನಮ್ಮ ಮನಿಯವ್ರಿಗೆ ಸೂಜಿ ಮ್ಯಾಲೇನೂ ನಂಬಿಕಿ ಇರಲಿಲ್ಲ. ಅರ್ಧಾ ತಾಸ ತಣ್ಣಗ ಮಲಗಾಕ ಸಿಗತೈತಿ ಅಂತ ಹೋಗತಿದ್ರು. ಗುಳಗಿ ಯಾಕ ಬಿಟ್ರಿ ಅಂತ ನಾ ಅತ್ತ ಕೇಳಿದ್ರ, ನನ್ನ ಔಷಧ ನಮ್ಮ ತಂಗೆವ್ವನ ಸೀಟಿ ಅಂತಿದ್ರು. ಟಿಕೇಟ ಮುಗದ್ರೂ ಮುಗದಿಲ್ಲ ಅಂತ ನನ್ನ ಸಲುವಾಗಿ ನಿಲ್ಲಸ್ತಾಳ, ನನಗ ಗೊತ್ತಿಲ್ಲ ಅಂತ ತಿಳಕೊಂಡಾಳ ಹುಚ್ಚಿ, ಆಕಿ ದಿಬ್ಬದ ಕೆಳಗ ನಿಲ್ಲಸೂತನಕ ನನಗೇನೂ ಆಗೂದಿಲ್ಲ ಅಂತ ನಗತಿದ್ರು."

ಕಪ್ಪನ್ನು ಕೆಳಗಿಡಲು ಹೋದೆ. ಬಸಿಯ ಮೇಲೆ ಚಹಾ ಚೆಲ್ಲಿತು. ಆಕೆ ಅದನ್ನು ಸೆರಗಿನಿಂದ ಒರೆಸಿ, ನನ್ನ ಮುಖ ನೋಡಿ, ಮೆಲ್ಲಗೆ ಕೇಳಿದರು.

"ಅವತ್ತೂ ದಿಬ್ಬದ ಕೆಳಗ ನಿಲ್ಲಿಸಿದ್ದ್ಯಲ್ಲವಾ?"

"ಹೂಂನ್ರಿ ಅಕ್ಕಾರ, ನಿಲ್ಲಿಸಿದ್ದೆ" ಎಂದೆ.

ಆಕೆ ಸಮಾಧಾನದಿಂದ ತಲೆಯಾಡಿಸಿ, ನನ್ನ ಕಪ್ಪಿಗೆ ಇನ್ನಷ್ಟು ಚಹಾ ಹಾಕಿದರು.